ಗಾಳೆವ್ವನ ಹೆಸರಿನ ಡಬ್ಬಿ

ಹತ್ತಿ ಬಿಡಿಸುವ ಕಾಲ. ಇಬ್ಬನಿ ಆರುತ್ತಲೇ ಹೆಂಗಸರು ಸೊಂಟಕ್ಕೆ ಉಡಿ ಕಟ್ಟಿಕೊಂಡು ಎರೆಹೊಲಕ್ಕೆ ಇಳಿದಿದ್ದರು. ಬಂಡಿದಾರಿಯ ಎರಡೂ ಕಡೆ ಜಾಲಿಮುಳ್ಳಿಗೆ ಬಿಳಿ ಎಳೆಗಳು ಸಿಕ್ಕಿಕೊಂಡಿದ್ದವು. ಅಂಥದ್ದೊಂದು ದಿನ ನಾನು ಆ ಊರಿಗೆ ಬಂದೆ. ಬಸುರಿಗೆ ಮಾಡುವ ಕುಬಸದ ಬುತ್ತಿಯ ಬುಟ್ಟಿಯಲ್ಲಿ, ಎಳ್ಳುಹಚ್ಚಿದ ರೊಟ್ಟಿಯ ಪಕ್ಕದಲ್ಲಿ, ಹೊಟ್ಟೆ ತುಂಬ ಕರಿಗಡಬು ತುಂಬಿಕೊಂಡು ಕುಳಿತಿದ್ದೆ.

ನಾನೊಂದು ಸ್ಟೀಲಿನ ಡಬ್ಬಿ. ಮೇಲೆ ಹಿಡಿಕೆ, ಬಿಗಿಯಾದ ಮುಚ್ಚಳ, ಒಳಗೆ ಒಂದು ಸಣ್ಣ ತಟ್ಟೆ. ಮೊದಲು ನಾನು ಬರೀ ತಗಡು. ತಗಡಿನ ಶೆಡ್ಡೊಂದರಲ್ಲಿ ಯಂತ್ರ ನನ್ನನ್ನು ಒತ್ತಿ ಗುಂಡಗೆ ಮಾಡಿತು. ಬನಿಯನ್ ತೊಟ್ಟವನೊಬ್ಬ ಕಿವಿಗೆ ರಿವೆಟ್ ಹೊಡೆದ. ಆಮೇಲೆ ಪೇಟೆಯ ಪಾತ್ರೆ ಅಂಗಡಿಯಲ್ಲಿ ನನ್ನಂಥ ಹತ್ತಿಪ್ಪತ್ತು ಡಬ್ಬಿಗಳ ಜೊತೆ ಬಹಳ ದಿನ ತೂಗಾಡಿದೆ. ಗಾಳಿ ಬಂದರೆ ಒಬ್ಬರಿಗೊಬ್ಬರು ಹಾಯುತ್ತಿದ್ದೆವು.

ನನ್ನನ್ನು ಕೊಂಡವಳು ಗಾಳೆವ್ವನ ತಾಯಿ. ಮಗಳು ಬಸುರಿ, ಐದು ತುಂಬಿತ್ತು. ಮೊದಲನೆಯದು ನಾಲ್ಕಕ್ಕೇ ಬಿದ್ದುಹೋಗಿದ್ದರಿಂದ ಈ ಸಲ ಐದು ತುಂಬುವ ತನಕ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೆಸರು ಕೊರೆಯುವವನು ಮಷಿನ್ ಹಿಡಿದುಕೊಂಡು ಕೇಳಿದ.

"ಏನಂತ ಹಾಕ್ಲವ್ವ?"

"ಗಾಳೆವ್ವ ಅಂತ ಹಾಕು."

"ಅತ್ತಿಮನಿ ಹೆಸರು? ಊರು?"

"ಏನೂ ಬ್ಯಾಡಪ್ಪ. ಮನಿ ತುಂಬ ಅವರ ಹೆಸರಿನ ಪಾತ್ರೆನ ಅದಾವು. ಇದೊಂದು ಅಕಿದು ಅಂತ ಇರ್ಲಿ."

ಹೀಗೆ ನನ್ನ ಮೈಮೇಲೆ ಒಬ್ಬಳ ಹೆಸರು ಬಂತು. ಹೆಸರಿದ್ದವಳಿಗೇ ನಾನು ಉಣಿಸುತ್ತೇನೆ ಎಂದುಕೊಂಡೆ. ಡಬ್ಬಿಯ ಬುದ್ಧಿ ಅಷ್ಟೇ.

ಕುಬಸ ಮುಗಿದು ಬೀಗರು ಹೋದ ಮೇಲೆ ನನ್ನ ಕೆಲಸ ಶುರುವಾಯಿತು. ಊರಿನ ಅಂಗನವಾಡಿಯಲ್ಲಿ ಬಸುರಿಯರಿಗೆ, ಬಾಣಂತಿಯರಿಗೆ ಮಧ್ಯಾಹ್ನ ಊಟ ಕೊಡುತ್ತಿದ್ದರು. ಅನ್ನ, ಬೇಳೆ ಸಾರು, ಒಂದು ಲೋಟ ಹಾಲು, ಒಂದು ಶೇಂಗಾ ಚಿಕ್ಕಿ, ಒಂದು ಬೇಯಿಸಿದ ತತ್ತಿ. ಅಲ್ಲಿಯೇ ಕೂತು ಉಣ್ಣಬೇಕು ಎಂಬುದು ನಿಯಮ. ಹೆರಿಗೆಯಾದ ಮೇಲೂ ಆರು ತಿಂಗಳು ಅದೇ ಊಟ.

ಗಾಳೆವ್ವನ ಅತ್ತೆ ಫಕೀರವ್ವ ಇದಕ್ಕೆ ಒಪ್ಪಲಿಲ್ಲ. ಅವಳು ಕೆಟ್ಟವಳಲ್ಲ, ಅಂಜಿದವಳು. ಹಿಂದಿನ ಸಲ ಒಂದು ಮದುವೆಯ ಪಂಕ್ತಿಯಲ್ಲಿ ಯಾರೋ, "ಬಸರಿ ಹೆಂಗ ಉಣ್ಣಾಕತ್ಯಾಳ ನೋಡ್ರೆ" ಎಂದು ನಕ್ಕಿದ್ದರಂತೆ. ಅದಾದ ಒಂಬತ್ತನೆಯ ದಿನಕ್ಕೆ ಗರ್ಭ ಹೋಯಿತು. ಅಂದಿನಿಂದ ಫಕೀರವ್ವನ ಪಾಲಿಗೆ, ಬಸುರಿ ಹೆಂಗಸು ನಾಕು ಮಂದಿಯ ಕಣ್ಣಮುಂದೆ ಬಾಯಿ ತೆರೆಯುವುದು ಸಾವನ್ನು ಕರೆದಂತೆ.

ಅವಳು ನನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಂಗನವಾಡಿಗೆ ಬಂದಳು. ಅಡುಗೆ ಮಾಡುವ ಆಯಾ ಹುಲಿಗೆವ್ವ ಒಲೆಯ ಮುಂದಿದ್ದಳು. ಇಬ್ಬರೂ ಒಂದೇ ಓಣಿಯವರು.

"ಡಬ್ಬ್ಯಾಗ ಹಾಕಿ ಕೊಡ ಹುಲಿಗಿ. ಮನ್ಯಾಗ ಉಣ್ತಾಳ."

"ಕೊಟ್ರ ಟೀಚರ್ ನನ್ನ ಒಲಿಯಾಗ ಹಾಕ್ತಾರ ಯಕ್ಕಾ."

"ಹಾಕ್ಲಿ ಬಿಡು, ಕಟಗಿ ಉಳೀತಾವು."

ಹುಲಿಗೆವ್ವ ನಕ್ಕಳು. ನಕ್ಕಮೇಲೆ ಇಲ್ಲ ಎನ್ನಲಾಗಲಿಲ್ಲ. ಟೀಚರಮ್ಮನ ಬಳಿ ತಾನೇ ಹೋಗಿ ಹೇಳಿದಳು. "ಒಂದ್ಸಲ ಕಳಕೊಂಡೈತ್ರಿ ಆ ಮನಿ. ಮುದುಕಿ ಅಂಜ್ಯಾಳ. ಬರೋದೇ ಬಿಟ್ರ ಹುಡುಗಿಗೆ ಏನೂ ಸಿಗೂದಿಲ್ರಿ." ಟೀಚರಮ್ಮ ಬಹಳ ಹೊತ್ತು ಹಾಜರಿ ಪುಸ್ತಕ ನೋಡಿದಳು. ಕೊನೆಗೆ, "ಗಾಳೆವ್ವ ತಾನೇ ಬಂದು ಒಯ್ಯಲಿ, ದಿನಾ ಮುಖ ತೋರಿಸಲಿ" ಎಂದಳು. ಹಾಜರಿಯಲ್ಲಿ ಎಲ್ಲರ ಎದುರು ಬರೆದಂತೆ ಅವಳ ಎದುರೂ 'ಊಟ ಮಾಡಿದರು' ಎಂದು ಬರೆದಳು. ಮೂವರೂ ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ನಾನು ಅಲ್ಲಿಯೇ ಇದ್ದೆ.

ಗಾಳೆವ್ವ ದಿನವೂ ನನ್ನನ್ನು ಹಿಡಿದುಕೊಂಡು ಬರುತ್ತಿದ್ದಳು. ಅವಳ ಕೈ ನನ್ನ ಹಿಡಿಕೆಗಿಂತ ತಣ್ಣಗಿರುತ್ತಿತ್ತು. ನಾನು ಎಂದೂ ಖಾಲಿ ಹೋಗುತ್ತಿರಲಿಲ್ಲ. ನೆರೆಯವರ ಪಾತ್ರೆ ಬರಿದೇ ತಿರುಗಿಸಬಾರದು, ಬರಿದು ಪಾತ್ರೆ ಒಯ್ದು ಕೈಯೊಡ್ಡಲೂಬಾರದು ಎಂಬುದು ಫಕೀರವ್ವನ ಮನೆಯ ರೀತಿ. ಒಂದು ದಿನ ಎರಡು ಮುಳಗಾಯಿ, ಒಂದು ದಿನ ಹಿಡಿ ಹುಣಸೆ, ಏನೂ ಇಲ್ಲದ ದಿನ ನಾಕು ಹಸಿಮೆಣಸಿನಕಾಯಿ. ಹುಲಿಗೆವ್ವ, "ಸರ್ಕಾರದ ಊಟಕ್ಕ ಮುಯ್ಯಿ ಮಾಡ್ತಾಳ ನೋಡವ್ವ ನಿಮ್ಮತ್ತಿ" ಎಂದು ನಗುತ್ತಿದ್ದಳು.

ನಗುವ ಮಾತೇ. ಆದರೆ ಎಲ್ಲ ಕೆಟ್ಟದ್ದೂ ಅಲ್ಲಿಂದಲೇ ಬಂತು. ಫಕೀರವ್ವ ಅದನ್ನು ಒಬ್ಬಳ ಪಾಲು ಎಂದು ತಿಳಿಯಲೇ ಇಲ್ಲ. ಊರ ಕಡೆಯಿಂದ ಮನೆಗೆ ಬಂದ ಬುತ್ತಿ ಎಂದು ತಿಳಿದಳು. ಮನೆಗೆ ಬಂದ ಬುತ್ತಿಯನ್ನು ಮುಚ್ಚಿಟ್ಟು ಒಬ್ಬರೇ ಉಣ್ಣುವುದು ಆ ಮನೆಯಲ್ಲಿ ಹುಟ್ಟಿದ ಬುದ್ಧಿಯಲ್ಲ.

ನಾನು ಮನೆಯೊಳಗೆ ಬಂದೊಡನೆ ಅವಳು ಮುಚ್ಚಳ ತೆಗೆಯುತ್ತಿದ್ದಳು. ಸೀರೆಯ ಅಂಚಿನಿಂದ ಒಂದು ನೂಲು ಎಳೆದು, ಒಂದು ತುದಿ ಹಲ್ಲಿನಲ್ಲಿ ಕಚ್ಚಿ, ತತ್ತಿಯನ್ನು ಕೊಯ್ಯುತ್ತಿದ್ದಳು. ಚಾಕುವಿಗಿಂತ ನೂಲು ನೇರ. ನಾಲ್ಕು ಭಾಗ. ದೊಡ್ಡದು ದಮ್ಮಿನ ಕಾಯಿಲೆಯ ಮಾವನಿಗೆ. ಪೇಟೆಯ ಡಾಕ್ಟರು ಅವನಿಗೂ ತತ್ತಿ ತಿನ್ನಲು ಹೇಳಿದ್ದರು, ಅವನ ತತ್ತಿ ಯಾವ ಪುಸ್ತಕದಲ್ಲೂ ಇರಲಿಲ್ಲ. ಒಂದು ಗಾಳೆವ್ವನ ಗಂಡ ಯಂಕಪ್ಪನಿಗೆ, ಮೂಟೆ ಹೊರುವವನು. ಒಂದು ಸಾಲಿ ಮುಗಿಸಿ ಬರುವ ಭಾವನ ಮಗಳಿಗೆ. ಉಳಿದದ್ದು ಗಾಳೆವ್ವನಿಗೆ. ಅದರಲ್ಲಿ ಹೆಚ್ಚಾಗಿ ಬಿಳಿಯದೇ ಇರುತ್ತಿತ್ತು, ಹಳದಿ ಕೊಯ್ಯುವಾಗಲೇ ಮೊದಲ ಚೂರುಗಳ ಕಡೆ ಉದುರಿರುತ್ತಿತ್ತು. ಬೇರೆ ಲೋಟದಲ್ಲಿ ಬಂದ ಹಾಲು ಎಲ್ಲರ ಚಹಾಕ್ಕೆ. ಫಕೀರವ್ವ ತಾನು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ನೂಲಿಗೆ ಅಂಟಿದ್ದನ್ನು ಬೆರಳಿನಿಂದ ಒರೆಸಿ ನಾಲಿಗೆಗೆ ಹಚ್ಚಿಕೊಳ್ಳುತ್ತಿದ್ದಳು, ಅಷ್ಟೇ.

"ಹಂಚಿ ಉಂಡ್ರ ಹಸಿವಿಲ್ಲ" ಎನ್ನುತ್ತಿದ್ದಳು.

ತಿಂಗಳಿಗೊಮ್ಮೆ ಟೀಚರಮ್ಮ ಗಾಳೆವ್ವನನ್ನು ತೂಗುತ್ತಿದ್ದಳು. ಆರನೆಯ ತಿಂಗಳಲ್ಲಿ ಮುಳ್ಳು ಎಲ್ಲಿತ್ತೋ ಏಳನೆಯ ತಿಂಗಳಲ್ಲೂ ಅಲ್ಲಿಯೇ ನಿಂತಿತ್ತು. ನರ್ಸಮ್ಮ ಕಣ್ಣಿನ ಕೆಳಗೆ ಜಗ್ಗಿ ನೋಡಿ, ರಕ್ತ ಬಹಳ ಕಡಿಮೆ ಎಂದಳು.

"ದಿನಾ ತತ್ತಿ ತಿಂತೀಯಲ್ಲಮ್ಮ? ಎಲ್ಲಿ ಹೋಗ್ತದೆ ಅದು?" ಟೀಚರಮ್ಮ ಕೇಳಿದಳು.

ಗಾಳೆವ್ವ ಕಾಲಿನ ಹೆಬ್ಬೆರಳು ನೋಡುತ್ತ ನಿಂತಳು. ನಾನು ಅವಳ ಕೈಯಲ್ಲಿ ತೂಗುತ್ತಿದ್ದೆ.

ಹುಲಿಗೆವ್ವನಿಗೆ ಅನುಮಾನ ಬಂತು. ಮರುದಿನ ಚಿಕ್ಕಿ ಹಾಕುವುದು ಮರೆತೆ ಎಂಬ ನೆಪದಲ್ಲಿ ಹಿಂದೆಯೇ ಮನೆಗೆ ಬಂದಳು. ಆಗ ನೂಲು ತತ್ತಿಯ ನಡುವಿನಲ್ಲಿತ್ತು.

"ಯಕ್ಕಾ, ಅದು ಅಕಿ ಪಾಲಲ್ಲ?"

ಫಕೀರವ್ವ ಹಲ್ಲಿನಿಂದ ನೂಲು ಬಿಟ್ಟು ತಲೆಯೆತ್ತಿದಳು. "ಮುದುಕ ಅಲ್ಲಿ ಕುಂತು ನೋಡಾಕತ್ತಾನ. ಅವನ ಮುಂದ ಒಬ್ಬಾಕಿಗೆ ಉಣಸಬೇಕಾ? ನಾ ಆರು ಹಡದೀನಿ ಹುಲಿಗಿ. ಯಾರ ಕೊಟ್ಟಿದ್ರು ನನಗ ತತ್ತಿ?"

"ಆರ್ರಾಗ ಎಷ್ಟು ಉಳದಾವ ಯಕ್ಕಾ?"

ಫಕೀರವ್ವ ನೂಲನ್ನು ಮತ್ತೆ ಕಚ್ಚಿಕೊಂಡಳು. ಉಳಿದದ್ದು ಇಬ್ಬರು ಎಂಬುದು ಓಣಿಗೆಲ್ಲ ಗೊತ್ತಿತ್ತು.

ಟೀಚರಮ್ಮನಿಗೆ ಹೇಳಿದರೆ ಡಬ್ಬಿ ನಿಲ್ಲುತ್ತದೆ, ಡಬ್ಬಿ ನಿಂತರೆ ಆ ನಾಲ್ಕನೆಯ ಚೂರೂ ಇಲ್ಲ. ಹೀಗೆ ಲೆಕ್ಕ ಹಾಕಿ ಹುಲಿಗೆವ್ವ ಬಾಯಿ ಮುಚ್ಚಿಕೊಂಡಳು. ಒಂದು ದಿನ ತನ್ನ ಮನೆಯ ಕೋಳಿಯ ತತ್ತಿಯನ್ನೂ ನನ್ನೊಳಗೆ ಇಟ್ಟಳು. ಅಂದು ಫಕೀರವ್ವ ಎರಡನ್ನೂ ಕೊಯ್ದು ಪಕ್ಕದ ಮನೆಯ ಬಾಣಂತಿಗೂ ಒಂದು ಚೂರು ಕಳಿಸಿದಳು.

ಆಮೇಲೆ ಹುಲಿಗೆವ್ವ ಮುಚ್ಚಳ ಒತ್ತುವಾಗ ಗಾಳೆವ್ವನ ಕಿವಿಯಲ್ಲಿ ಹೇಳಿದಳು. "ಕಾಲಿವಿ ದಂಡಿ ಮ್ಯಾಲ ಕುಂತು ತಿಂದು ಹೋಗ. ಅಲ್ಲಿ ಯಾರೂ ನೋಡೂದಿಲ್ಲ. ಹೊಟ್ಟ್ಯಾಗ ಇರೂದಕ್ಕ ತಿನ್ನು, ನಿನಗ ಅಲ್ಲ."

ಅಂದು ಗಾಳೆವ್ವ ಕಾಲುವೆಯ ದಂಡೆಯಲ್ಲಿ ಕೂತಳು. ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಚ್ಚಳ ತೆಗೆದಳು. ಹೊಟ್ಟೆಯೊಳಗಿನ ಮಗು ಒದ್ದದ್ದು ನನ್ನ ತಳಕ್ಕೆ ತಾಕಿತು. ಅವಳು ಆ ಕಡೆ ಈ ಕಡೆ ನೋಡಿ ಇಡೀ ತತ್ತಿಯನ್ನು ತಿಂದಳು. ಅಳ್ಳಕವಾದ ಹಲ್ಲಿನವಳಂತೆ ಸಾವಕಾಶ ತಿಂದಳು. ಕೈ ತೊಳೆದು, ಬಾಯಿ ತೊಳೆದು, ನೀರಿನಲ್ಲಿ ಮುಖ ನೋಡಿಕೊಂಡಳು. ನನ್ನ ಬಾಳಿನಲ್ಲಿ ನನ್ನ ಮೈಮೇಲಿನ ಹೆಸರು ನಿಜವಾದದ್ದು ಆ ಒಂದು ದಿನ.

ಮನೆಯಲ್ಲಿ ಮಾವ ಗೋಡೆಗೆ ಒರಗಿ ಕಾಯುತ್ತಿದ್ದ. ಫಕೀರವ್ವ ನನ್ನೊಳಗೆ ಕೈಯಾಡಿಸಿದಳು.

"ತತ್ತಿ?"

"ಇವತ್ತ ಬಂದಿಲ್ಲಂತ ಅತ್ತಿ."

"ಇರ್ಲಿ ಬಿಡವ್ವ" ಎಂದ ಮಾವ. "ದಿನಾ ಎಲ್ಲಿ ತರ್ತಾರ ಪಾಪ." ಕೆಮ್ಮುತ್ತ ಬರೀ ಸಾರು-ಅನ್ನ ಕಲಸಿಕೊಂಡ.

ಅವನು ಬೈದಿದ್ದರೆ ಚೆನ್ನಾಗಿತ್ತು. ಬೈದಿದ್ದರೆ ಅವಳು ಮರುದಿನವೂ ತಿನ್ನುತ್ತಿದ್ದಳೇನೋ. ಮರುದಿನ ಅವಳು ದಂಡೆಯ ಹತ್ತಿರ ನಿಂತಳು, ಕೂಡಲಿಲ್ಲ. ಹಿಡಿಕೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿ ನಡೆದಳು. ಮತ್ತೆ ಎಂದೂ ಮುಚ್ಚಳ ದಾರಿಯಲ್ಲಿ ತೆರೆಯಲಿಲ್ಲ.

ಒಂಬತ್ತಕ್ಕೆ ತವರಿಗೆ ಕಳಿಸುವುದೆಂದಿತ್ತು. ಎಂಟು ತುಂಬುವ ಮೊದಲೇ, ಬಿಳಿಜೋಳ ಕೊಯ್ಯುವ ದಿನಗಳಲ್ಲಿ, ನೋವು ಬಂತು. ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಗಾಳೆವ್ವನಿಗೆ ಎರಡು ಬಾಟಲಿ ರಕ್ತ ಏರಿಸಿದರು. ನಾನು ಮಂಚದ ಕೆಳಗೆ ಗಂಜಿ ಹೊತ್ತು ಕೂತಿದ್ದೆ. ಮಗುವಿನ ಅಳು ಬೆಕ್ಕಿನ ಮರಿಯದಷ್ಟೇ ಇತ್ತು. ಆ ಕೂಸನ್ನು ನನ್ನೊಳಗೆ ಮಲಗಿಸಬಹುದಿತ್ತು ಎಂದು ನನಗೆ ಅನಿಸಿತು. ಅಷ್ಟು ಸಣ್ಣದು.

ಹನ್ನೆರಡನೆಯ ದಿನಕ್ಕೆ ಮನೆಗೆ ಕರೆತಂದರು. ಎದೆಯಲ್ಲಿ ಹಾಲು ಸಾಲಲಿಲ್ಲ, ಇದ್ದದ್ದನ್ನು ಎಳೆಯಲು ಕೂಸಿಗೆ ಬಲವಿರಲಿಲ್ಲ. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಗಾಳೆವ್ವ ಅದನ್ನು ಎದೆಗೆ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. ಫಕೀರವ್ವ ಬಂದು ಮುಟ್ಟಿ ನೋಡಿ, ತಣ್ಣಗಾಗಿದ್ದ ಕೂಸನ್ನು ತನ್ನ ಕೈಗೆ ತೆಗೆದುಕೊಂಡಳು.

ಮೂರು ದಿನ ಬಿಟ್ಟು ಫಕೀರವ್ವ ತಾನೇ ನನ್ನನ್ನು ಅಂಗನವಾಡಿಗೆ ಒಯ್ದಳು. ಟೀಚರಮ್ಮ ಅಂದೂ ಊಟ ಹಾಕಿಸಿದಳು. ಕೂಸು ಇರಲಿ ಬಿಡಲಿ, ಹಡೆದವಳು ಹಡೆದವಳೇ ಎಂದಳು. ಮನೆಯಲ್ಲಿ ಫಕೀರವ್ವ ಮುಚ್ಚಳ ತೆಗೆದಳು. ಅಭ್ಯಾಸದ ಕೈ ಸೀರೆಯ ಅಂಚಿಗೆ ಹೋಯಿತು. ನೂಲು ಎಳೆದಳು, ಬೆರಳಿಗೆ ಸುತ್ತಿಕೊಂಡಳು, ಬಿಟ್ಟಳು. ಇಡೀ ತತ್ತಿಯನ್ನು ತಟ್ಟೆಯಲ್ಲಿಟ್ಟು ಸೊಸೆಯ ಮುಂದೆ ಸರಿಸಿದಳು.

"ತಿನ್ನವ್ವ."

ಗಾಳೆವ್ವ ನೋಡಿದಳು. "ಮಾವಗ ಕೊಡ್ರಿ ಅತ್ತಿ" ಎಂದಳು.

ಮಾವ ಗೋಡೆಯ ಕಡೆ ಹೊರಳಿದ. "ನಾ ಒಲ್ಲೆ."

ತತ್ತಿ ಸಂಜೆಯ ತನಕ ಅಲ್ಲಿಯೇ ಇತ್ತು. ಆಮೇಲೆ ಅದನ್ನು ನಾಯಿಗೆ ಹಾಕಿದರು.

ಮರುದಿನ ಫಕೀರವ್ವ ನನ್ನನ್ನು ಬೂದಿ ಹಚ್ಚಿ ತಿಕ್ಕಿದಳು. ಹೆಸರಿನ ಮೇಲೆ ಬಹಳ ಹೊತ್ತು ತಿಕ್ಕಿದಳು. ಅಂಗನವಾಡಿಗೆ ಒಯ್ದು ಹುಲಿಗೆವ್ವನ ಒಲೆಯ ಹತ್ತಿರ ಇಟ್ಟಳು. ಹುಲಿಗೆವ್ವ ರೂಢಿಯಂತೆ ಮುಚ್ಚಳ ತೆಗೆದು ನೋಡಿದಳು. ಒಂದು ಮೆಣಸಿನಕಾಯಿಯೂ ಇರಲಿಲ್ಲ.

"ಖಾಲಿ ತಂದೀನಿ ಹುಲಿಗಿ" ಎಂದಳು ಫಕೀರವ್ವ. "ಇದರ ಮುಯ್ಯಿ ನನ್ನ ಕೈಲೆ ತೀರೂದಿಲ್ಲ. ಇದು ಇಲ್ಲೇ ಇರ್ಲಿ. ಮನ್ಯಾಗ ಇದ್ರ ಅಕಿ ನೋಡ್ತಾಳ."

"ನಾನೂ ಬಾಯಿ ಬಿಡಲಿಲ್ಲಲ್ಲ ಯಕ್ಕಾ" ಎಂದಳು ಹುಲಿಗೆವ್ವ.

ಈಗ ನಾನು ಅಂಗನವಾಡಿಯ ಮೂಲೆಯಲ್ಲಿದ್ದೇನೆ. ಉಪ್ಪು ತುಂಬಿದ್ದಾರೆ. ಉಪ್ಪು ಕಿವಿಯ ರಿವೆಟ್ ತಿಂದು ಹಿಡಿಕೆ ಸಡಿಲಾಗಿದೆ. ಎರಡು ಹತ್ತಿ ಸುಗ್ಗಿ ಕಳೆದವು. ಮತ್ತೊಂದು ಮನೆಯ ಅತ್ತೆ ಬಂದು, "ದೃಷ್ಟಿ ಆಗ್ತೈತಿ, ಡಬ್ಬ್ಯಾಗ ಕೊಡು" ಎಂದಾಗ ಹುಲಿಗೆವ್ವ ತನ್ನ ಹಳೆಯ ಸೀರೆಯೊಂದನ್ನು ಕಿಟಕಿಯ ಸರಳಿನಿಂದ ಗೋಡೆಯ ಮೊಳೆಗೆ ಕಟ್ಟಿದಳು. ಆ ಮರೆಯಲ್ಲಿ ಬಸುರಿಯರು ಕೂತು ಉಣ್ಣುತ್ತಾರೆ. ತತ್ತಿ ಇಡಿಯಾಗಿ ಹೋಗುತ್ತದೆ.

ಒಂದು ಹಳೆಯ ಸೀರೆ, ಒಂದು ಮೊಳೆ. ಅಷ್ಟೇ ಬೇಕಾಗಿತ್ತು. ಅದು ಆಗ ಯಾರಿಗೂ ಹೊಳೆಯಲಿಲ್ಲ. ನಾನಿದ್ದೆನಲ್ಲ, ನನ್ನಿಂದ ಅನುಕೂಲವಾಯಿತು ಎಂದುಕೊಂಡರು.

ಗಾಳೆವ್ವ ಇದೇ ದಾರಿಯಲ್ಲಿ ಹತ್ತಿ ಬಿಡಿಸಲು ಹೋಗುತ್ತಾಳೆ. ಅಂಗನವಾಡಿಯ ಮುಂದೆ ಬಂದಾಗ ಸೆರಗನ್ನು ಈ ಬದಿಗೆ ಎಳೆದುಕೊಳ್ಳುತ್ತಾಳೆ. ಮತ್ತೆ ಬಸುರಿಯಾಗಿಲ್ಲ. ನನ್ನ ಮೈಮೇಲೆ ಅವಳ ಹೆಸರಿನ 'ಗಾ' ಮಾತ್ರ ಉಳಿದಿದೆ. ಅವಳ ಪಾಲನ್ನು ಮೂರು ತಿಂಗಳು ನಾನು ಹೊತ್ತೆ, ಆ ಒಂದು ದಿನದ್ದನ್ನು ಬಿಟ್ಟರೆ ಎಂದೂ ಅವಳಿಗೆ ಪೂರ್ತಿ ಮುಟ್ಟಿಸಲಿಲ್ಲ. ಫಕೀರವ್ವ ತನ್ನದು ತೀರುವುದಿಲ್ಲ ಎಂದು ಹೇಳಿ ಹೋದಳು. ನನ್ನದನ್ನು ಹೇಳಲು ನನಗೆ ಬಾಯಿ ಇಲ್ಲ, ಮುಚ್ಚಳವಷ್ಟೇ ಇದೆ. ದಿನಾ ಮಧ್ಯಾಹ್ನ ಹುಲಿಗೆವ್ವ ಅದನ್ನು ತೆಗೆದು, ಸಾರಿಗೆ ಒಂದು ಚಿಟಿಕೆ ಉಪ್ಪು ತೆಗೆದುಕೊಂಡು, ಮತ್ತೆ ಮುಚ್ಚುತ್ತಾಳೆ.