ಬಲೆಮನೆಯ ನಾಲಿಗೆ

ಕಿವಿ ಉಳಿಸಿದರೆ ಮೆಣಸಿನಕಾಯಿಯೂ ಉಳಿಯುತ್ತಿತ್ತು; ಮೆಣಸಿನಕಾಯಿ ಕತ್ತರಿಸಿದರೆ ಕಿವಿಯೂ ಹೋಗುತ್ತಿತ್ತು. ಮಗ ಕತ್ತರಿ ಹಿಡಿದು ಬೀಜದ ಪೊಟ್ಟಣವನ್ನು ಕಿಟಕಿಯ ಬೆಳಕಿಗೆ ಅತ್ತ ತಿರುಗಿಸಿದ, ಇತ್ತ ತಿರುಗಿಸಿದ. ಅಮ್ಮನ ಫೋಟೊ ಅಂತ ಮನೆಯಲ್ಲಿದ್ದದ್ದು ಇದೊಂದೇ. ಪೊಟ್ಟಣದ ಮೇಲೆ ಅವಳು ನಗುತ್ತಿದ್ದಳು. ಕಿವಿಯ ಪಕ್ಕದಲ್ಲಿ ಒಂದು ಕೆಂಪು ಕಾಯಿ ಹೂವಿನ ಹಾಗೆ ಒರಗಿತ್ತು. ಕೆಳಗೆ ದಪ್ಪಕ್ಷರದಲ್ಲಿ ‘ಅಜ್ಜಿಯ ನಾಲಿಗೆ ಒಪ್ಪಿದ ಬೆಂಕಿ’ ಎಂದಿತ್ತು.

“ಕಾಯಿ ಇರ್ಲಿ ಬಿಡಣ್ಣ,” ಅಂದಳು ತಂಗಿ, ಮೂಗು ಒರೆಸಿಕೊಳ್ಳುತ್ತ. “ಜೀವಮಾನ ಪೂರ್ತಿ ಬಾಯಲ್ಲಿ ಇಟ್ಕೊಂಡೋಳು, ಇವತ್ತೊಂದಿನ ಪಕ್ಕದಲ್ಲಿ ಇಟ್ಕೊಳ್ಲಿ.”

ಮಗ ಅಕ್ಷರಗಳನ್ನಷ್ಟೇ ಕತ್ತರಿಸಿ, ಉಳಿದದ್ದನ್ನು ಶವಪೆಟ್ಟಿಗೆಯ ತಲೆಯ ಕಡೆ ಗೋಡೆಗೆ ಅಂಟಿಸಿದ. ಆ ನಗುವಿನಲ್ಲಿ ಕೆನ್ನೆ ಉಬ್ಬಿತ್ತು. ಫೋಟೊ ತೆಗೆದ ದಿನ ಬಾಯಿ ತುಂಬ ಹಾಲಿತ್ತು; ನುಂಗಲೂ ಬಿಡದೆ ನಗು ಎಂದಿದ್ದರು.

ಯಜಮಾನರ ತೋಟದ ಕೂಲಿಮನೆಗಳಲ್ಲಿ ಇದೇ ದೊಡ್ಡದು. ಎರಡು ಕೋಣೆ, ಅಡುಗೆಮನೆ, ಒಳಗೇ ನಲ್ಲಿ. ಉಳಿದವರಿಗೆಲ್ಲ ಒಂದೇ ಕೋಣೆ, ಬೀದಿಯ ನಲ್ಲಿ. ಬಂದವರು ಹೆಣ ನೋಡುವ ಮೊದಲು ಸೂರು ನೋಡಿದರು, ನಲ್ಲಿ ನೋಡಿದರು. ಹೆಣದ ವಿಷಯ ತೀರ್ಮಾನವಾಗಿತ್ತು. ಮನೆಯ ವಿಷಯ ಇನ್ನೂ ಆಗಿರಲಿಲ್ಲ.

ಸತ್ತವಳನ್ನು ಎಲ್ಲರೂ ನಾಲಿಗೆಯಮ್ಮ ಎಂದೇ ಕರೆದದ್ದು. ಆ ತೋಟದಲ್ಲಿ ಮೆಣಸಿನಕಾಯಿ ಬೆಳೆಯುತ್ತಿದ್ದದ್ದು ಅಡುಗೆಗಲ್ಲ, ಬೀಜಕ್ಕೆ. ಎಲ್ಲೆಲ್ಲೋ ಇರುವ ಹೊಟ್ಟೆ ತುಂಬಿದ ಗಂಡಸರು ಬಾಲ್ಕನಿಯ ಕುಂಡದಲ್ಲಿ ಊರಿಗೆಲ್ಲ ಖಾರದ ಕಾಯಿ ಬೆಳೆದು, ಗೆಳೆಯರ ಮುಂದೆ ಕಚ್ಚಿ, ಬೆವರಿ, ಗೆದ್ದೆವೆಂದು ಬೀಗುವುದಕ್ಕೆ ಬೇಕಾದ ಬೀಜ. ಅದನ್ನು ಯಾವ ಗಿಡದಿಂದ ತೆಗೆಯಬೇಕು ಎಂದು ಹೇಳುವುದು ನಾಲಿಗೆಯಮ್ಮನ ಕೆಲಸ. ಪ್ರತಿ ತಾಯಿಗಿಡದ ಮೊದಲ ಕಾಯಿ ಸೀಳಿ, ಬೀಜ ಅಂಟಿಕೊಂಡ ಬಿಳಿ ತಿರುಳನ್ನು ನಾಲಿಗೆಗಿಟ್ಟು ನೋಡಬೇಕು. ಖಾರವಾದರೆ ಗಿಡಕ್ಕೆ ಕೆಂಪು ದಾರ. ಸಪ್ಪೆಯಾದರೆ ಕಿತ್ತು ಅಲ್ಲೇ ಸುಡುವುದು. ತೋಟದ ಬೀಜ ಸಪ್ಪೆಯೇ ಆದರೂ ಕಳ್ಳರ ಕೈಗೆ ಸಿಗಬಾರದು.

ಅಡುಗೆಮನೆಯಲ್ಲಿ ಸೊಸೆ ಬಂದವರ ಲೋಟಗಳನ್ನು ತೊಳೆಯುತ್ತಿದ್ದಳು. ಅವಳ ಪುಟ್ಟ ಹೆಣ್ಣುಮಗು ಅಮ್ಮನ ಮೊಣಕೈ ಹಿಡಿದು ನಿಂತಿತ್ತು. ಬೇರೆ ಮಕ್ಕಳು ಅಮ್ಮನ ಬೆರಳು ಹಿಡಿಯುತ್ತವೆ. ಇದು ಮೊಣಕೈ ಹಿಡಿಯುತ್ತಿತ್ತು. ಯಾಕೆಂದು ಕೇಳಿದವರಿಗೆ ಸೊಸೆ, ಏನೋ ಚಾಳಿ ಎನ್ನುತ್ತಿದ್ದಳು.

“ಒಂದ್ ಹನಿ ಹಾಕಿಲ್ಲ ನೋಡು,” ತೋಟದಲ್ಲಿ ಬೀಜದ ಪೊಟ್ಟಣ ಅಂಟಿಸುವವಳು ಪಕ್ಕದವಳಿಗೆ ಹೇಳಿದಳು, ಒಳಗೆ ಕೇಳಲಿ ಎಂದೇ.

“ಸೊಸೆ ಕಣ್ಣೀರು ಪುಕ್ಕಟೆ ಬರುತ್ತಾ? ಅದಕ್ಕೂ ಈರುಳ್ಳಿ ಹೆಚ್ಬೇಕು.”

ಇಬ್ಬರೂ ನಕ್ಕರು. ಪೆಟ್ಟಿಗೆ ಕಣ್ಣಿಗೆ ಬಿದ್ದು ಅದೇ ನಗೆಯನ್ನು ನಿಟ್ಟುಸಿರು ಮಾಡಿದರು.

*

ಮೊದಮೊದಲು ಯಜಮಾನರು ಬೀಜಕ್ಕೆ ಅಲೆಯದ ಊರಿಲ್ಲ. ಎಲ್ಲೆಲ್ಲಿಂದಲೋ ಲಕೋಟೆ ತರಿಸಿದರು. ಲಕೋಟೆಯ ಮೇಲೆ ಬೆಂಕಿ, ತಲೆಬುರುಡೆ. ಬೆಳೆಸಿ ನೋಡಿದರೆ ಮಕ್ಕಳೂ ಕಡಿದು ತಿನ್ನುವ ದಪ್ಪಮೆಣಸು. ಬೀಜದ ಮೋಸ ಬೀಜದಲ್ಲಿ ಕಾಣುವುದಿಲ್ಲ. ನೀರು, ಗೊಬ್ಬರ, ಒಂದು ಹಂಗಾಮು ತಿಂದ ಮೇಲೆಯೇ ಅದು ಹಲ್ಲು ಕಿಸಿಯುವುದು. ಕಡೆಗೆ ಹಡಗಿನ ಅಡುಗೆಯವನೊಬ್ಬ ಕಾಗದದಲ್ಲಿ ಮಡಿಸಿ ಕೊಟ್ಟ ಒಂದು ಚಿಟಿಕೆ ಬೀಜ ಮೊಳೆತು ಕಾಯಿ ಬಿಟ್ಟಿತು. ಮೈಯೆಲ್ಲ ಸುಕ್ಕು, ತುದಿಯಲ್ಲಿ ಚೇಳಿನ ಕೊಂಡಿ. ತಿಂದು ನೋಡುವವರು ಯಾರು? ಯಜಮಾನರಿಗೆ ಹೊಟ್ಟೆಹುಣ್ಣು. ಮೇಸ್ತ್ರಿ ಕಳೆ ಕೀಳುವ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೆ ಒಂದೊಂದು ಕಾಯಿ ಕೊಟ್ಟ. ಓಡಿದವರಿಗೆ ನಾಳೆಯಿಂದ ಕೆಲಸವಿಲ್ಲ ಎಂದ.

ಎಲ್ಲರೂ ಓಡಿದರು. ಕೆಲವರು ನಲ್ಲಿಗೆ ಬಾಯಿ ಕೊಟ್ಟರು. ನೀರು ಉರಿಯನ್ನು ಇನ್ನಷ್ಟು ಹರಡಿತು. ಒಬ್ಬಳು ಬಾಯಿಗೆ ಮಣ್ಣು ತುಂಬಿಕೊಂಡಳು. ಗಂಡ ಸತ್ತು ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಕೂಲಿಗೆ ಬಂದಿದ್ದ ಇವಳು ಮಾತ್ರ ನಿಂತಳು. ಕಣ್ಣು, ಮೂಗು, ಬಾಯಿ ಎಲ್ಲ ಸುರಿಯುತ್ತಿತ್ತು. ಕಾಲು ಅಲ್ಲಾಡಲಿಲ್ಲ.

“ಹೇಗಿದೆ?” ಯಜಮಾನರು ಕೇಳಿದರು.

“ಚೆನ್ನಾಗಿದೆ ಸಾರ್.”

ಆ ಮಾತಿಗೆ ಈ ಮನೆ ಸಿಕ್ಕಿತು. ನಾಲಿಗೆ ಇರುವವರೆಗೂ ಮನೆ ನಿನ್ನದೇ ಎಂದರು. ಉದಾರಿಗಳು. ನಾಲಿಗೆ ಎಷ್ಟು ಕಾಲ ಇರುತ್ತದೆಂದು ಅವರಿಗೆ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

*

ಯಜಮಾನರು ಕಾರಿನಿಂದ ಇಳಿದಾಗ ಹಿಂದೆ ಮೇಸ್ತ್ರಿ ಮುಚ್ಚಳದ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಹೂವಿರಬಹುದು ಎಂದುಕೊಂಡರು ಜನ. ಯಜಮಾನರು ಪೆಟ್ಟಿಗೆಯ ಮುಂದೆ ತಲೆ ಬಾಗಿ ನಿಂತರು, ಆಮೇಲೆ ಗೋಡೆಯ ಮುಖ ನೋಡಿದರು.

“ಪ್ರಿಂಟು ಚೆನ್ನಾಗಿ ಬಂದಿದೆ,” ಅಂದರು.

ಆಮೇಲೆ ಮಗನನ್ನು ಬಾಗಿಲ ಬಳಿ ಕರೆದು ಭುಜದ ಮೇಲೆ ಕೈಯಿಟ್ಟು, ತುಂಬ ನಷ್ಟವಾಯಿತು ಎಂದರು. ಮಗನಿಗೆ ಕಣ್ಣು ತುಂಬಿತು. ಯಜಮಾನರು ಹೇಳುತ್ತಿದ್ದದ್ದು ಹಂಗಾಮಿನ ಮಾತು: ತಾಯಿಗಿಡಗಳ ಕಾಯಿ ಹಣ್ಣಾಗಿ ನಿಂತಿದೆ, ಮುದುಕಿ ಈ ಸಲ ಒಂದನ್ನೂ ಮುಟ್ಟದೆ ಹೋದಳು, ಪ್ರಯೋಗಾಲಯಕ್ಕೆ ಕಳಿಸಿದರೆ ವರದಿ ಬರುವಷ್ಟರಲ್ಲಿ ಕಾಯಿ ಕೊಳೆಯುತ್ತದೆ. ಬೇರೆ ತೋಟದಿಂದ ಒಬ್ಬಳನ್ನು ಕರೆಸುತ್ತಿದ್ದಾರೆ. ಅವಳಿಗೂ ಒಂದು ಮನೆ ಕೊಡಬೇಕಲ್ಲ.

ಮಗ ಬಲೆಮನೆಯ ಕೆಲಸದವನು. ತಾಯಿಗಿಡಗಳನ್ನು ಮುಚ್ಚಿದ ಬಲೆ ನೋಡಿಕೊಳ್ಳುವುದೇ ಅವನ ಬದುಕು. ಅವನು ಒಳಗಿನ ನಲ್ಲಿ ನೋಡಿದ, ಪೆಟ್ಟಿಗೆ ನೋಡಿದ.

“ಸಾರ್, ಒಂದು ಮಾತು. ಅಮ್ಮನ ನಾಲಿಗೆ ಸತ್ತು ಎಷ್ಟೋ ವರ್ಷ ಆಗಿತ್ತು.”

ಯಜಮಾನರು ಭುಜದ ಮೇಲಿನ ಕೈ ತೆಗೆದರು. “ಮತ್ತೆ ಇಷ್ಟು ವರ್ಷ ಹೇಳಿದ್ದು ಯಾರು?”

ಮಗ ಅಡುಗೆಮನೆಯ ಕಡೆ ಗಲ್ಲ ಎತ್ತಿದ. “ಇವಳು.”

ಒಳಗೆ ಲೋಟ ತೊಳೆಯುವ ಸದ್ದು ನಿಂತಿತು.

*

ಮದುವೆಯಾಗಿ ಬಂದ ಮೊದಲ ವರ್ಷ ಸೊಸೆ ಅತ್ತೆಗೆ ತನ್ನ ಮೇಲೆ ಹಗೆ ಎಂದೇ ತಿಳಿದಿದ್ದಳು. ಹಂಗಾಮು ಬಂತೆಂದರೆ ಅವಳ ತಟ್ಟೆಯಲ್ಲಿ ಯಾವುದೋ ಒಂದು ತುತ್ತು ಬೆಂಕಿಯಾಗಿರುತ್ತಿತ್ತು. ಅವಳು ಬಾಯಿ ಬಿಟ್ಟು ಒದ್ದಾಡುವಾಗ ಅತ್ತೆ ಬಯ್ಯುತ್ತಿರಲಿಲ್ಲ, ನಗುತ್ತಿರಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕುತ್ತದೋ ಎಂದು ನೋಡುವ ಹಾಗೆ ಅವಳ ಮುಖ ನೋಡುತ್ತಿದ್ದಳು. ಆಮೇಲೆ ಎದ್ದು ಹೋಗಿ ಯಾವುದೋ ಗಿಡಕ್ಕೆ ದಾರ ಕಟ್ಟಿ ಬರುತ್ತಿದ್ದಳು. ದಾರವನ್ನೂ ತುತ್ತನ್ನೂ ಜೋಡಿಸಿಕೊಳ್ಳಲು ಸೊಸೆಗೆ ಒಂದು ಹಂಗಾಮೇ ಹಿಡಿಯಿತು.

“ನನಗೀಗ ಕೆಂಡ ಇಟ್ರೂ ಗೊತ್ತಾಗಲ್ಲ,” ಕೇಳಿದಾಗ ಅತ್ತೆ ಹೇಳಿದಳು. “ಉಪ್ಪಿಲ್ಲ, ಸಿಹಿ ಇಲ್ಲ. ನಾಲಿಗೆ ಹೋಯ್ತು ಅಂತ ಗೊತ್ತಾದ್ರೆ ಮನೆ ಹೋಗುತ್ತೆ. ನಿನಗೆ ನಾಲಿಗೆ ಇದೆ. ಸಾಕು.”

“ಹೇಳಿ ಕೊಡಬಹುದಿತ್ತಲ್ಲ ಅತ್ತೆ.”

“ಹೇಳಿದ್ರೆ ಮುಖ ಸುಳ್ಳು ಹೇಳುತ್ತೆ.”

ಅಲ್ಲಿಂದ ಮುಂದೆ ಮುಚ್ಚುಮರೆ ಇರಲಿಲ್ಲ. ಪ್ರತಿ ಹಂಗಾಮಿಗೆ ಅಡುಗೆಮನೆಯ ಹೊಸ್ತಿಲಲ್ಲಿ ಸೊಸೆ ಕೂರಬೇಕು, ಅತ್ತೆ ಹಾಲಿನ ಲೋಟವನ್ನು ಕೈಗೆಟುಕದಷ್ಟು ದೂರ ಇಟ್ಟುಕೊಂಡು ಎದುರಿಗೆ ಕೂರಬೇಕು. ಎಲ್ಲ ಗಿಡಗಳದ್ದೂ ಹೇಳಿ ಮುಗಿದ ಮೇಲೆ ಹಾಲು. ಗಂಡ ಪಕ್ಕದ ಕೋಣೆಯಲ್ಲಿ ರೇಡಿಯೊ ಜೋರು ಮಾಡಿಕೊಳ್ಳುತ್ತಿದ್ದ. ಮಗು ಹುಟ್ಟಿದ ವರ್ಷ ಒಮ್ಮೆ ಅವಳು ಮರೆತು, ಕಾಯಿ ಮುಟ್ಟಿದ ಬೆರಳಲ್ಲೇ ಕೂಸಿನ ಕಣ್ಣು ಒರೆಸಿದಳು. ಆ ಕೂಗು ಕೂಲಿಮನೆಗಳ ಕೊನೆಯವರೆಗೂ ಕೇಳಿತು. ಆಮೇಲೆ ಮಗುವನ್ನು ಮೊಣಕೈಗಳಿಂದಲೇ ಎತ್ತುವುದು ಕಲಿತಳು. ಮಗುವೂ ಕಲಿಯಿತು.

ಅತ್ತೆ ಹಾಸಿಗೆ ಹಿಡಿದಾಗ ಮಲ ಬಳಿದವಳು, ಮೈ ಒರೆಸಿದವಳು ಸೊಸೆಯೇ. ಮುದುಕಿ ಸತ್ತರೆ ನನ್ನ ಬಾಯಿಗೆ ಬಿಡುಗಡೆ ಎಂದು ಅವಳು ನಂಬಿದ್ದಳು. ಅವಳ ಹೊಟ್ಟೆಯೊಳಗೆ ತಣ್ಣಗಿದ್ದದ್ದು ಆ ನಂಬಿಕೆಯೊಂದೇ.

ಹೋದ ವರ್ಷ ಗಾಳಿಗೆ ಬಲೆ ಹರಿದಿತ್ತು. ಗಂಡ ನೋಡಿ ನಾಳೆ ಹೊಲಿಯೋಣ ಎಂದ; ಅವನ ನಾಳೆ ಹೂ ಉದುರುವವರೆಗೂ ಬರಲಿಲ್ಲ. ಪಕ್ಕದ ಹೊಲದ ತುಂಬ ದಪ್ಪಮೆಣಸು. ಅಲ್ಲಿ ಕೂತ ಜೇನು ಇಲ್ಲಿಯೂ ಕೂತಿರಬಹುದು. ಹಾಗೆ ಕೂತಿದ್ದರೆ ಆ ವರ್ಷದ ಕಾಯಿಗೆ ಏನೂ ಆಗುವುದಿಲ್ಲ, ಅದರ ಬೀಜದಿಂದ ಈ ವರ್ಷ ಬಂದ ಗಿಡ ಸಪ್ಪೆ. ಬಾಯಿ ಬಿಟ್ಟರೆ ಹುಷಾರ್ ಎಂದು ಗಂಡ ಹೆಂಡತಿಗೆ ಹೇಳಿದ್ದ. ಅವಳು ಬಿಟ್ಟಿರಲಿಲ್ಲ.

*

ಸ್ಮಶಾನ ತೋಟಕ್ಕೆ ಅಂಟಿಕೊಂಡೇ ಇತ್ತು. ನಡುವೆ ಒಂದು ಮೋಟು ಗೋಡೆ, ಗೋಡೆಯಾಚೆ ಬಲೆಮನೆ. ಗುಂಡಿ ತೋಡುವವನು ಹಗ್ಗ ಸರಿಮಾಡುವಷ್ಟರಲ್ಲಿ ಯಜಮಾನರು ಸೊಸೆಯನ್ನು ಗೋಡೆಯ ಬಳಿಗೆ ಕರೆಸಿದರು.

“ಇವತ್ತೇ ಹೇಳಿಬಿಟ್ರೆ ನಾಳೆ ಬೀಜ ತೆಗೆಸ್ತೀನಮ್ಮ. ಮನೆ ನಿಮ್ಮದೇ. ನಾಲಿಗೆ ಇರೋವರೆಗೂ.”

“ಮಣ್ಣು ಹಾಕಿ ಬರ್ತೀನಿ ಸಾರ್.”

“ಒಂದು ನಿಮಿಷದ ಕೆಲಸ,” ಎಂದ ಗಂಡ. ಕಿವಿಯ ಹತ್ತಿರ ಬಂದು, ಹಲ್ಲು ಕಚ್ಚಿಕೊಂಡು ಹೇಳಿದ: “ಲೇ, ಮಗು ಬೀದಿಗೆ ಬೀಳುತ್ತೆ. ಯೋಚನೆ ಮಾಡು.”

ಅವಳು ಯೋಚನೆ ಮಾಡಿದಳು. ಮೊಣಕೈ ಹಿಡಿದಿದ್ದ ಮಗುವನ್ನು ನೋಡಿದಳು. ನಾಲಿಗೆ ಇರುವವರೆಗೂ ಮನೆ. ಅತ್ತೆಯದು ಮುಗಿದ ಮೇಲೆ ಇವಳದು. ಇವಳದು ಮುಗಿದ ಮೇಲೆ ಇನ್ನಾರದು?

ಮೇಸ್ತ್ರಿ ಡಬ್ಬಿ ತೆರೆದು ಮೊದಲ ಕಾಯಿ ಸೀಳಿ ಕೊಟ್ಟ. ಅವಳು ಬಿಳಿ ತಿರುಳನ್ನು ಬೀಜಸಮೇತ ನಾಲಿಗೆಗಿಟ್ಟಳು.

ಜೇನು ಬಂದಿರಲಿಲ್ಲ. ಗಾಳಿ ಬಂದು ಹೋಗಿತ್ತು ಅಷ್ಟೆ. ಕಾಯಿ ಅಪ್ಪಟವಾಗಿತ್ತು. ಮೊದಲು ಹಣ್ಣಿನ ಸಣ್ಣ ಸಿಹಿ, ಆಮೇಲೆ ನಾಲಿಗೆಯ ಬುಡಕ್ಕೆ ಯಾರೋ ಮೊಳೆ ಹೊಡೆದ ಹಾಗೆ, ಆಮೇಲೆ ಕಿವಿಯೊಳಗೆ, ಕಣ್ಣಿನ ಹಿಂದೆ. ಕಣ್ಣೀರು ಕೆನ್ನೆಗಿಳಿಯಿತು. ಮೂಗು ಸೋರಿತು. ಬಿಕ್ಕಳಿಕೆ ಹತ್ತಿಕೊಂಡಿತು.

“ಅಂತೂ ಅತ್ತಳಪ್ಪ,” ಅತ್ತಕಡೆ ಪೊಟ್ಟಣ ಅಂಟಿಸುವವಳು ಮೆಲ್ಲಗೆ ಹೇಳಿದಳು. “ಪಾಪ. ಒಳಗೊಳಗೇ ಎಷ್ಟಿತ್ತೋ ಏನೋ.”

ನಾದಿನಿ ದೂರದಿಂದಲೇ ಅತ್ತಿಗೆಯ ಕಡೆ ಕೈಚಾಚಿ ಹೊಸದಾಗಿ ಅಳತೊಡಗಿದಳು.

“ಹೇಗಿದೆ?” ಯಜಮಾನರು ಕೇಳಿದರು.

“ಸಪ್ಪೆ.”

ಇನ್ನೊಂದು ಕೊಟ್ಟರು. ಮತ್ತೊಂದು ಕೊಟ್ಟರು. ಅವಳು ಅದೇ ಮಾತು ಹೇಳಿದಳು. ಯಜಮಾನರ ಕಣ್ಣು ಅವಳ ಮುಖ ಬಿಟ್ಟಿರಲಿಲ್ಲ.

“ಸಪ್ಪೆ ಅಂತೀಯ. ಮತ್ತೆ ಈ ಕಣ್ಣೀರು?”

“ಅತ್ತೆ, ಸಾರ್,” ಅಂದಳು ಸೊಸೆ, ಬಿಕ್ಕುತ್ತ.

ಯಜಮಾನರು ಮೇಸ್ತ್ರಿಯ ಕಡೆ ತಿರುಗಿ, ನೀನೊಂದು ಕಚ್ಚು ನೋಡೋಣ ಎಂದರು. ಮೇಸ್ತ್ರಿ ಒಂದು ಹೆಜ್ಜೆ ಹಿಂದೆ ಸರಿದು, ತನಗೆ ಬಿಪಿ ಇದೆ ಎಂದ. ಅಷ್ಟರಲ್ಲಿ ಸೊಸೆ ಉಸಿರು ಹಿಡಿದು ಇನ್ನೊಂದು ಮಾತು ಹೇಳಿದಳು.

“ಹೋದ್ವರ್ಷ ಬಲೆ ಹರಿದಿತ್ತು ಸಾರ್. ಇವರನ್ನೇ ಕೇಳಿ.”

ಕೇಳಬೇಕಾಗಲಿಲ್ಲ. ಗಂಡನ ಮುಖ ಪೆಟ್ಟಿಗೆಯೊಳಗಿನ ಮುಖದ ಬಣ್ಣಕ್ಕೆ ತಿರುಗಿತ್ತು. ಹೇಳದೆ ನೋಡಿದರೆ ಮುಖ ಸುಳ್ಳು ಹೇಳುವುದಿಲ್ಲ. ಅವನು, ಒಂದೇ ಕಡೆ ಸಾರ್, ಅದೂ ಸ್ವಲ್ಪ, ಎಂದು ತೊದಲಿದ. ಸತ್ತ ಮನೆಯಲ್ಲಿ ದನಿ ಎತ್ತುವ ಜನವಲ್ಲ ಯಜಮಾನರು. ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಎಂದು ಮೆಲುದನಿಯಲ್ಲಿ ಹೇಳಿ, ಮೇಸ್ತ್ರಿಗೆ ಗೋಡೆಯಾಚೆ ಕೈ ತೋರಿಸಿದರು. ಮೇಸ್ತ್ರಿ ಡೀಸೆಲ್ ಡಬ್ಬ ತರಲು ಓಡಿದ.

ಪೆಟ್ಟಿಗೆ ಇಳಿಯಿತು. ಒಬ್ಬೊಬ್ಬರೇ ಮಣ್ಣು ಹಾಕಿದರು. ಸೊಸೆಯ ಸರದಿ ಬಂದಾಗ ಅವಳು ಬಗ್ಗಿ, ದವಡೆಯಲ್ಲಿ ಉಳಿಸಿಕೊಂಡಿದ್ದ ತಿರುಳು, ಬೀಜವನ್ನೆಲ್ಲ ಮುಷ್ಟಿಗೆ ಉಗಿದು, ಮೇಲೆ ಒಂದು ಹಿಡಿ ಮಣ್ಣು ಸೇರಿಸಿ ಅತ್ತೆಯ ಮೇಲೆ ಚೆಲ್ಲಿದಳು. ಬೀಜ ಪೆಟ್ಟಿಗೆಯ ಮುಚ್ಚಳಕ್ಕೆ ತಾಗಿದ್ದು ಅವಳೊಬ್ಬಳಿಗೇ ಕೇಳಿತು.

ಗುಂಡಿ ತೋಡುವವನು ಸಲಿಕೆ ಎತ್ತಿಕೊಂಡಾಗ ಗೋಡೆಯಾಚೆ ಹೊಗೆ ಎದ್ದಿತು. ಹಸಿ ಗಿಡ, ಹಣ್ಣು ಕಾಯಿ, ಡೀಸೆಲ್. ದಪ್ಪ ಬಿಳಿ ಹೊಗೆ ಗೋಡೆ ಹತ್ತಿ, ಗಾಳಿಗೆ ವಾಲಿ, ಗುಂಡಿಯ ಸುತ್ತ ನಿಂತವರ ಮೇಲೆ ಇಳಿಯಿತು. ಮೊದಲು ಕೆಮ್ಮಿದವಳು ಪೊಟ್ಟಣ ಅಂಟಿಸುವವಳು. ಆಮೇಲೆ ನಾದಿನಿ. ಗಂಡ ಕಣ್ಣುಜ್ಜಿಕೊಂಡು ಕೂಗಿಕೊಂಡ. ಗುಂಡಿ ತೋಡುವವನು ಸಲಿಕೆ ಬಿಸಾಡಿದ. ಯಜಮಾನರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ಹೊಟ್ಟೆ ಹಿಡಿದು ಬಾಗಿದರು. ಎರಡೂ ಕಣ್ಣಿಂದ ನೀರು ಸುರಿಯುತ್ತಿರುವಾಗಲೇ ತಲೆಯೆತ್ತಿ ಹೊಗೆ ನೋಡಿದರು, ಸೊಸೆಯನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಹೊಗೆ ಒಳಗೆ ಹೋಯಿತು.

ಎಲ್ಲರೂ ಸ್ಮಶಾನದ ಬಾಗಿಲಿನ ನಲ್ಲಿಯ ಕಡೆ ಓಡಿದರು, ಬಿಕ್ಕುತ್ತ, ಎದೆ ಹಿಡಿದುಕೊಂಡು. ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬ ನಿಂತು, ಯಾರೋ ದೊಡ್ಡವರು ಹೋಗಿರಬೇಕು ಎಂದು ತಲೆಯ ಮೇಲಿನ ಟೋಪಿ ತೆಗೆದ.

ಸೊಸೆ ಅರ್ಧ ತುಂಬಿದ ಗುಂಡಿಯ ಪಕ್ಕದಲ್ಲಿ ನಿಂತೇ ಇದ್ದಳು. ಕಾಲು ಅಲ್ಲಾಡಲಿಲ್ಲ. ಮಗುವಿನ ಮುಖವನ್ನು ಹೊಟ್ಟೆಗೊತ್ತಿಕೊಂಡು, ಮೊಣಕೈಯ ಮಡಿಕೆಯಿಂದ ಅದರ ಕಣ್ಣು ಮುಚ್ಚಿ ಹಿಡಿದಿದ್ದಳು, ಬೆರಳುಗಳನ್ನು ಮಾತ್ರ ಆದಷ್ಟು ದೂರ ಚಾಚಿ.