ಕಡೀ ಪೇಷಂಟ್

ಮಣ್ಣಿನ ವಿಧಿ ಮಾಡಿಸಲು ಬಂದ ಜಂಗಮ ಅಮರಯ್ಯನವರು ಹೆಬ್ಬೆರಳುಗಳಿಗೆ ಬಿಗಿದಿದ್ದ ಪಟ್ಟಿಯನ್ನು ಕತ್ತರಿಸಿ ತೆಗೆದರು. ಆದರೂ ಡಾಕ್ಟರ್ ವೈಜನಾಥರ ಜೋಡಿಸಿದ ಕೈಗಳು ಬಿಡಲಿಲ್ಲ. ಮೆಲ್ಲಗೆ ಜಗ್ಗಿದರು, ಬಲವಾಗಿ ಜಗ್ಗಿದರು. ಗೋಡೆಗೆ ಒರಗಿಸಿ ಕೂಡಿಸಿದ್ದ ಮೈಯೇ ಅವರ ಕಡೆ ವಾಲಿಬಂತೇ ಹೊರತು ಕೈಗಳು ಎದೆಯ ಮುಂದೆ ನಮಸ್ಕಾರ ಮಾಡಿಕೊಂಡೇ ಇದ್ದವು.

"ಕೈ ಬಿಡವಲ್ಲವು, ತಾಯಿ," ಎಂದರು ಅಮರಯ್ಯ. "ಎಡಗೈ ಬಿಚ್ಚಿದ್ರನ ಅಂಗೈಯಾಗ ಲಿಂಗ ಇಡೋದು. ಲಿಂಗ ಇಲ್ದ ಮಣ್ಣಿಗೆ ಹೆಂಗ ಇಳಸೋದು?"

ಉಮಾಬಾಯಿ ಗಂಡನ ಕೈಗಳನ್ನೇ ನೋಡುತ್ತ ಕೂತಿದ್ದಳು. ನಿನ್ನೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಜೀವ ಹೋದ ಕೂಡಲೇ, ಹಳೆಯ ದವಾಖಾನೆಯ ಆಯಾ ಬಂಡೆಮ್ಮ ಮೈ ಬಿಸಿ ಇರುವಾಗಲೇ ಕಾಲು ಮಡಚಿ ಚಕ್ಕಳಮಕ್ಕಳ ಕೂಡಿಸಿದ್ದಳು, ಕೈಗಳನ್ನು ತೊಡೆಯ ಮೇಲೆ ಇಟ್ಟಿದ್ದಳು. ಆಮೇಲೆ ಅವರ ಪಕ್ಷದವರು ಪಕ್ಷದ ಕಚೇರಿಗೆ ಒಯ್ದರು. ಇಡೀ ದಿನ ಸುತ್ತ ಬರ್ಫದ ಗಡ್ಡೆಯಿಟ್ಟು ಜನರ ದರ್ಶನಕ್ಕೆ ಕೂಡಿಸಿ, ಇಂದು ಮಧ್ಯಾಹ್ನ ಕುಷಾಯಿಗೂಡದ ಮನೆಗೆ ತಂದಾಗ ಕೈಗಳು ಹೀಗಿದ್ದವು.

"ಕಟ್ಟಿದವರು ಯಾರು?" ಎಂದರು ಅಯ್ಯನವರು.

"ನಾನ್ರಿ." ಬಾಗಿಲಲ್ಲಿ ನಿಂತಿದ್ದ ವಿನಾಯಕ ತಲೆ ತಗ್ಗಿಸಿದ. ಹದಿನೈದು ವರ್ಷ ಡಾಕ್ಟರರ ಆಪ್ತ ಸಹಾಯಕನಾಗಿದ್ದವನು. "ಎಲ್ಲಾ ಎಲೆಕ್ಷನ್ ಪೋಸ್ಟರಿನ್ಯಾಗ ಸಾರು ಕೈ ಮುಗಿದು ಹಂಗ ಅದಾರ. ಮಂದಿಗೆ ಹಂಗ ಕಂಡ್ರ ಚಲೋ ಅಂದ್ಕೊಂಡ್ನಿ. ಹಿಂಗ ಆಕೈತಿ ಅಂತ ಗೊತ್ತಿರಲಿಲ್ರಿ, ಅಮ್ಮಗಾರು."

ಅವನ ಕಣ್ಣು ಅತ್ತು ಬಾತುಕೊಂಡಿದ್ದವು. ಬೈಯಲು ಉಮಾಬಾಯಿಗೆ ಮನಸ್ಸಾಗಲಿಲ್ಲ.

ಮೈದುನ ವಿಜಯಕುಮಾರ ಗಡಿಬಿಡಿಯ ಮನುಷ್ಯ. "ಮೂರಕ್ಕ ಲೀಡರ್ ಸೀದಾ ಮಣ್ಣಿಗೇ ಬರ್ತಾರಂತ. ಇಬ್ಬರು ಹಿಡಿದು ಜೋರು ಮಾಡಿದ್ರ ಬರ್ತೈತಿ ಬಿಡು, ವೈನಿ. ಒಂದೆರಡು ಬೆರಳು ಮುರಿದ್ರೂ ಈಗ ಅಣ್ಣಗ ಏನ್ ನೋವೈತಿ?"

"ಮುರಿಯೋದು ಬ್ಯಾಡ," ಎಂದಳು ಉಮಾಬಾಯಿ.

*

ಮೂವತ್ತು ವರ್ಷಗಳ ಹಿಂದೆ ಇದೇ ಮನೆಯ ಮುಂದಿನ ಕೋಣೆಯೇ ದವಾಖಾನೆ. ಹುಮನಾಬಾದಿನಿಂದ ಈ ತೆಲುಗು ಸೀಮೆಗೆ ಬಂದ ಹೊಸ ಡಾಕ್ಟರಿಗೆ ತೆಲುಗು ಅಷ್ಟಕ್ಕಷ್ಟೆ. ಬರುವವರೂ ಅಂಥವರೇ, ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಯಾರೇ ಬರಲಿ, ವೈಜನಾಥರು ಮೊದಲು ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಕೈಗಡಿಯಾರ ನೋಡುತ್ತ, ಪೂರಾ ಒಂದು ನಿಮಿಷ ಸುಮ್ಮನೆ ಕೂಡುತ್ತಿದ್ದರು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಸಾಕಲ್ಲ ಎಂದು ಬೇರೆ ಡಾಕ್ಟರರು ನಗುತ್ತಿದ್ದರು.

"ಇವರ ಕೈ ಒಂದ್ ನಿಮಿಷ ಯಾರೂ ಹಿಡಿದಿರಂಗಿಲ್ಲ, ಉಮಾ," ಎನ್ನುತ್ತಿದ್ದರು ವೈಜನಾಥರು.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಉಮಾಬಾಯಿ ಚಹಾ ತಂದರೆ ಅವಳನ್ನೂ ರೋಗಿಗಳ ಸ್ಟೂಲಿನ ಮೇಲೆ ಕೂಡಿಸುವರು. "ಬಳಿ ಮ್ಯಾಲ ಸರಸು. ಕಡೀ ಪೇಷಂಟ್ ನೀನ." ಅವಳು ಬಳೆ ಸರಿಸಿ ಕೈ ಚಾಚುತ್ತಿದ್ದಳು. ಚಹಾ ಆರುತ್ತಿತ್ತು. ಇಡೀ ದಿನದಲ್ಲಿ ಅವಳಿಗೆ ಬೇಕಿದ್ದುದು ಆ ಒಂದು ನಿಮಿಷ.

ಒಂದು ಬೇಸಿಗೆಯಲ್ಲಿ ಒಂದೇ ಕೇರಿಯ ಮಕ್ಕಳು ವಾಂತಿಭೇದಿ ಎಂದು ಸಾಲಾಗಿ ಬಂದವು. ಕುಡಿಯುವ ನೀರಿನ ಪೈಪಿಗೆ ಮೋರಿ ಸೇರಿತ್ತು. ಒಂದು ಕೂಸು ಬಂಡೆಮ್ಮನ ತೊಡೆಯ ಮೇಲೆಯೇ ತಣ್ಣಗಾಯಿತು. ವೈಜನಾಥರು ಅರ್ಜಿ ಹಿಡಿದು ಚಪ್ಪಲಿ ಸವೆಯುವಷ್ಟು ಅಲೆದರು. "ಗುಳಿಗಿ ಕೊಟ್ಟು ಏನ್ ಮಾಡ್ಲಿ? ಪೈಪ್ ಬದ್ಲಾಗಬೇಕು," ಎಂದು ಚುನಾವಣೆಗೆ ನಿಂತರು. ಒಮ್ಮೆ ಸೋತರು, ಎರಡು ಸಲ ಗೆದ್ದರು. ಪೈಪೂ ಬಂತು, ಸುಳ್ಳು ಹೇಳಬಾರದು. ಆದರೆ ಸ್ಟೂಲು ಮೆಟ್ಟಿಲ ಕೆಳಗೆ ಸೇರಿತು. ಮಣಿಕಟ್ಟು ಹಿಡಿಯುತ್ತಿದ್ದ ಕೈ ಸಿಕ್ಕವರಿಗೆಲ್ಲ ನಮಸ್ಕಾರ ಮಾಡುವುದನ್ನು ಕಲಿಯಿತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನೆಂಟರು ಆಡಿಕೊಂಡರು. ಮಾರಿಯಾಗುವುದಕ್ಕಾದರೂ ಮನೆಯಲ್ಲಿ ಇರಬೇಕಲ್ಲ!

*

ಬಂಡೆಮ್ಮ ಒಳಗಿನಿಂದ ಬಿಸಿನೀರಿನ ಬೋಗುಣಿ, ಎರಡು ಟವೆಲ್ ತಂದಿಟ್ಟಳು.

"ಸರೀರಿ ಎಲ್ಲಾರೂ. ಕಟ್ಟಡ ಕಟ್ಟೋ ಗೌಂಡಿಗೋಳ ಕೈ ಮುರಿದು, ಪ್ಲಾಸ್ಟರ್ ಬಿಚ್ಚಿದಾಗ ಬೆರಳು ಹಿಂಗ ಬಿಗಿದಿರತಿದ್ವು. ನಾ ಜಗ್ಗಾಕ ಹೋದ್ರ ಸಾಹೇಬ್ರು ಬೈತಿದ್ರು. 'ಜಗ್ಗಬ್ಯಾಡ ಬಂಡೆಮ್ಮ, ಕಾಸು. ತಾನ ಬರ್ತೈತಿ,' ಅಂತಿದ್ರು."

"ಅವು ಜೀವಂತ ಕೈ," ಎಂದ ವಿಜಯಕುಮಾರ.

"ಇವು ಯಾರ ಕೈ ಅದಾವ್ರಿ ಮತ್ತ?" ಎಂದು ಬಂಡೆಮ್ಮ ಟವೆಲ್ ಹಿಂಡಿದಳು.

ಉಮಾಬಾಯಿ ಇನ್ನೊಂದು ಟವೆಲ್ ತೆಗೆದುಕೊಂಡಳು. ಒಬ್ಬಳು ಮೊಣಕೈಗೆ, ಒಬ್ಬಳು ಬೆರಳಿಗೆ ಸುತ್ತಿ ಒತ್ತುತ್ತ ಕೂತರು. ನೀರು ಆರಿದರೆ ವಿನಾಯಕ ಓಡಿಹೋಗಿ ಬಿಸಿ ನೀರು ತರುತ್ತಿದ್ದ. ಅವನ ಫೋನು ಮೇಲಿಂದ ಮೇಲೆ ಬಡಿದುಕೊಂಡಿತು. ಮೂರನೆಯ ಸಲ ಅವನು ಅದನ್ನು ಬಂದ್ ಮಾಡಿ ಜೇಬಿಗೆ ಹಾಕಿಕೊಂಡ.

*

ಇದೇ ಕೈಗಳು ಒಮ್ಮೆ ಉಮಾಬಾಯಿಗೂ ನಮಸ್ಕಾರ ಮಾಡಿದ್ದವು. ಮೂರು ವರ್ಷದ ಕೆಳಗೆ ಒಂದು ಮುಂಜಾನೆ ಅವಳ ಎದೆ ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ಅಂಗಳದಲ್ಲಿ ಕಾರು ಚಾಲೂ ಇತ್ತು. ವೈಜನಾಥರು ಭುಜಕ್ಕೂ ಕಿವಿಗೂ ನಡುವೆ ಫೋನು ಒತ್ತಿಕೊಂಡು ಹೊರಟಿದ್ದರು.

"ಏನ್ರಿ, ಎದಿ ಡವಡವ ಅನ್ನಾಕತ್ತೈತಿ. ಒಂದ್ ಸಲ ನಾಡಿ ನೋಡ್ರಿ," ಎಂದು ಅವಳು ಬಳೆ ಸರಿಸಿ ಕೈ ಚಾಚಿದಳು.

ಅವರು ಅವಳ ಮುಖ ನೋಡಿದರು. ಎರಡೂ ಕೈ ಜೋಡಿಸಿದರು. "ಆಕೈತಿ, ಆಕೈತಿ. ವಿನಾಯಕಗ ಹೇಳ್ತೀನಿ, ಎಲ್ಲಾ ಟೆಸ್ಟ್ ಮಾಡಿಸ್ತಾನ," ಎಂದು ಕಾರು ಹತ್ತಿದರು.

ಟೆಸ್ಟೆಲ್ಲ ಆದವು, ಗುಳಿಗೆಗಳೂ ಬಂದವು, ಎದೆ ಸರಿಹೋಯಿತು. ಚಾಚಿದ ಕೈಯನ್ನು ಅವಳು ಹಾಗೇ ಸೆರಗಿನೊಳಗೆ ಎಳೆದುಕೊಂಡಿದ್ದಳು. ಕಟ್ಟಿಕೊಂಡ ಹೆಂಡತಿಗೆ ವೋಟು ಕೇಳಿದಂತೆ ಕೈಮುಗಿದು ಹೋದರಲ್ಲ ಎಂಬ ದುಃಖಕ್ಕೆ ಯಾವ ದವಾಖಾನೆಯಲ್ಲಿ ಔಷಧ ಕೇಳುವುದು? ಆಮೇಲೆ ಅವಳು ಅವರ ಮುಂದೆ ಕೈ ಚಾಚಲಿಲ್ಲ.

*

ಮುಕ್ಕಾಲು ಗಂಟೆ ಕಳೆದಿರಬೇಕು. ಮೊದಲು ಹೆಬ್ಬೆರಳು ಸಡಿಲವಾಯಿತು, ಆಮೇಲೆ ಮೊಣಕೈ. ಅಂಗೈ ಅಂಗೈಯನ್ನು ಬಿಟ್ಟಿತು. ಬಂಡೆಮ್ಮ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅಮರಯ್ಯನವರು ಎಡ ಅಂಗೈಗೆ ವಿಭೂತಿ ಹಚ್ಚಿ ಲಿಂಗವನ್ನಿಟ್ಟು, ಬೆರಳುಗಳನ್ನು ಅದರ ಸುತ್ತ ಮಡಚಿದರು. ಬಲಗೈ ಮೆಲ್ಲಗೆ ಇಳಿದು ತೊಡೆಯ ಮೇಲೆ ಬಿತ್ತು. ಹೆಬ್ಬೆರಳು ಒಂದು ಕಡೆ, ನಡುವಿನ ಮೂರು ಬೆರಳು ಒಂದಿಷ್ಟು ಬಾಗಿ ಒಂದು ಕಡೆ.

"ಎತ್ರಿ ಇನ್ನ," ಎಂದ ವಿಜಯಕುಮಾರ. ಹೊರಗೆ ವಾಹನದವನು ಹಾರ್ನ್ ಬಾರಿಸಿದ. ಹೊರಲು ನಾಲ್ವರು ಒಳಗೆ ಬಂದರು.

ಉಮಾಬಾಯಿ ಏಳಲಿಲ್ಲ. ಬಳೆಗಳನ್ನು ಮೊಣಕೈಯತ್ತ ಸರಿಸಿದಳು. ತನ್ನ ಮಣಿಕಟ್ಟನ್ನು ಆ ಮೂರು ಬೆರಳುಗಳ ಕೆಳಗೆ ತೂರಿಸಿ ಸುಮ್ಮನೆ ಕೂತಳು. ಬೆರಳುಗಳಲ್ಲಿ ಬಿಸಿನೀರಿನ ಕಾವು ಇನ್ನೂ ಉಳಿದಿತ್ತು.

"ಹೊತ್ತಾತು, ತಾಯಿ," ಎಂದರು ಅಮರಯ್ಯ.

"ಒಂದ್ ನಿಮಿಷ ತಡೀರಿ, ಅಯ್ಯನೋರ." ಅವಳು ಕೈ ಅಲುಗಿಸದೆ ಕೇಳಿದಳು, "ವಿನಾಯಕ, ಅವರ ಗಡಿಯಾರ ನಿನ್ನ ಹತ್ರ ಐತಲ್ಲ? ನಿಮಿಷ ಆತಂದ್ರ ಹೇಳು."

ಆಸ್ಪತ್ರೆಯಲ್ಲಿ ಬಿಚ್ಚಿಕೊಟ್ಟಿದ್ದ ಕೈಗಡಿಯಾರವನ್ನು ವಿನಾಯಕ ಜೇಬಿನಿಂದ ತೆಗೆದು ಹಿಡಿದ. ಸೆಕೆಂಡಿನ ಮುಳ್ಳು ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು.

"ಆತೇನು?" ಎಂದಳು ಉಮಾಬಾಯಿ.

ವಿನಾಯಕ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ.

"ಇನ್ನೂ ಇಲ್ರಿ, ಅಮ್ಮಗಾರು," ಎಂದ.