ಮೂಗುತಿಯ ಪಕ್ಕದ ಗಾಯ

"ಮುಲಾಮಿನಾಗ ಮುಗಸ್ರೀ ಡಾಕ್ಟರವ್ವಾ," ಎಂದಳು ಲಕ್ಷ್ಮವ್ವ, ಸೆರಗಿನಿಂದ ಮೂಗು ಮುಚ್ಚಿಕೊಂಡೇ.

ಮೂಗುತಿಯ ಪಕ್ಕದ ಹುಣ್ಣು ಚರ್ಮದ ಕ್ಯಾನ್ಸರ್ ಎಂದು ಡಾಕ್ಟರ್ ನಿಶ್ಮಿತಾ ಈಗಷ್ಟೇ ಹೇಳಿದ್ದಳು. ಲಕ್ಷ್ಮವ್ವ ಅದನ್ನು ಮೂಗುತಿ ತಿಕ್ಕಿ ಆದ ಗಾಯವೆಂದೇ ನಂಬಿ, ಮೂಗುತಿ ತೆಗೆಯದೆ ಸುತ್ತಲೂ ಅರಿಸಿನ ಮೆತ್ತುತ್ತಾ ಬಂದಿದ್ದಳು. ಹಕ್ಕಳೆ ಕಟ್ಟಿದಾಗೊಮ್ಮೆ ವಾಸಿಯಾಯಿತೆಂದು ದೇವರಿಗೆ ಕಾಯಿಯನ್ನೂ ಒಡೆಸಿದ್ದಳು. ಹುಣ್ಣು ತನ್ನ ಪಾಡಿಗೆ ತಾನು ಬೆಳೆದಿತ್ತು.

ನಿಶ್ಮಿತಾ ಮಂಗಳೂರಿನವರ ಮಗಳು, ಇಲ್ಲಿ ಮುಂಬೈಯಲ್ಲೇ ಬೆಳೆದವಳು. ಕನ್ನಡವನ್ನು ತಡಕಾಡುತ್ತಾ ಹೇಳಿದಳು: "ಕ್ರೀಮ್ ಮೇಲ್‌ಮೇಲೆ ಇದ್ರೆ ಮಾತ್ರ ಅಮ್ಮ. ಇದು ಒಳಗೆ ಹೋಗಿದೆ. ಆಪರೇಷನ್ನೇ ಒಳ್ಳೇದು. ಕಿವಿ ಹಿಂದಿನ ಚರ್ಮ ತೆಗ್ದು ಅಲ್ಲಿ ಹಾಕ್ತೇವೆ. ಹಾಗೇ ಬಿಟ್ರೆ ಮೂಗನ್ನೇ ತಿಂತದೆ."

"ಕರೆಂಟ್ ಕೊಡ್ತಾರಂತಲ್ಲ?"

"ರೇಡಿಯೇಷನ್? ಕೊಡ್ಬಹುದು. ವಾರಗಟ್ಟಲೆ ಬರ್ಬೇಕು. ಆದ್ರೆ ಅದಕ್ಕೂ ಮೂಗುತಿ ತೆಗೀಲೇಬೇಕು."

"ಹಂಗಾರ ಬ್ಯಾಡ," ಎಂದು ಲಕ್ಷ್ಮವ್ವ ಎದ್ದು ಹೊರಗೆ ನಡೆದಳು.

ಮೂಗಿಗಿಂತ ಮೂಗುತಿ ಭಾರ ಎಂದು ಆಡಿಕೊಳ್ಳುವುದು ಸುಲಭ. ಅವಳವ್ವನನ್ನು ಅಪ್ಪನ ಹೆಣದ ಮುಂದೆ ಕೂರಿಸಿ ಮೂಗುತಿ ತೆಗೆದಿದ್ದರು. ಹೋದ ವರ್ಷ ಗಂಡ ಬಸವಂತರಾಯನಿಗೆ ಎದೆನೋವು ಬಂದಾಗ ಲಕ್ಷ್ಮವ್ವ ರಾತ್ರಿಯೆಲ್ಲ ತನ್ನ ಮೂಗುತಿಯನ್ನು ಹಿಡಿದುಕೊಂಡೇ ಕೂತಿದ್ದಳು. ಅವನು ಉಳಿದದ್ದು ಅದರಿಂದಲೇ ಎಂದು ಅವಳ ನಂಬಿಕೆ. ಈಗ ಅದನ್ನು ಬಿಚ್ಚಲು ಅವಳಿಗೆ ಜೀವಭಯ, ತನ್ನದಲ್ಲ, ಅವನದು.

ಗೌಂಡಿ ಕೆಲಸದ ಬಸವಂತರಾಯ ಹಿಂದೆಯೇ ಬಂದು ಬೆಂಚು ತೋರಿಸಿದ. "ಕೂಡು. ನಾನೇ ತಗೀತೀನಿ."

"ನಿಮಗ ಏನಾರ ಆದ್ರ?"

"ಆದ್ರ ದವಾಖಾನ್ಯಾಗೇ ಅದೀನಲ್ಲ."

ಅವಳು ನಗಲಿಲ್ಲ. ಬಹಳ ಹೊತ್ತಿನ ಮೇಲೆ ಕೂತಳು. ಸಿಮೆಂಟು ತಿಂದ ಅವನ ಬೆರಳಿಗೆ ಆ ಸಣ್ಣ ತಿರುಪು ಸಿಗಲೊಲ್ಲದು. ಅವಳು ಅವನ ಎದೆಯನ್ನೇ ನೋಡುತ್ತಿದ್ದಳು.

"ಮಾತಾಡ್ಕೋತ ಇರ್ರಿ."

"ಏನು ಮಾತಾಡ್ಲಿ?"

"ಏನಾರ."

 ಅವನು ದಿನಾ ಕೆಲಸಕ್ಕೆ ಹೋಗುವ ಲೋಕಲ್ ರೈಲಿನ ಸ್ಟೇಷನ್ನುಗಳನ್ನು ಹೇಳತೊಡಗಿದ. "ಖಾರ್... ಬಾಂದ್ರಾ... ಮಾಹೀಮ್... ಮಾಟುಂಗಾ... ದಾದರ್..."

ತಿರುಪು ಸಡಿಲಾಗಿ ಮೂಗುತಿ ಅವನ ಅಂಗೈಗೆ ಬಿತ್ತು. ಅವನು ಸುಮ್ಮನಾದ.

ಲಕ್ಷ್ಮವ್ವ ಅವನ ಅಂಗಿಯನ್ನು ಗಟ್ಟಿಯಾಗಿ ಹಿಡಿದಳು. "ದಾದರ್ ಮುಂದ?"

"ಪ್ರಭಾದೇವಿ," ಎಂದ ಅವನು.